ಅಗ್ರಹಾರದ ಜಗಲಿಯಲ್ಲಿ ಒಂದು ಮೊಗ್ಗಿನ ಜಡೆ

ಮನೆಯವರು ಕಚೇರಿ ಕೆಲಸದ ಮೇಲೆ ಪರವೂರಿಗೆ ಹೋಗಿದ್ದರು. ಮಗಳು ಗೆಳತಿಯ ಮದುವೆಗೆ ಹೊರಟಿದ್ದಳು. ನನ್ನೊಬ್ಬಳಿಗಾಗಿ ಕುಕ್ಕರ್ ಇಡುವುದೇ ಎಂದು ಯೋಚಿಸುತ್ತ ಅಡುಗೆಮನೆಯಲ್ಲಿ ನಿಂತಿದ್ದವಳು ಇದ್ದಕ್ಕಿದ್ದಂತೆ ಇಡ್ಲಿ ಹಿಟ್ಟನ್ನು ಫ್ರಿಜ್ಜಿಗೆ ತಳ್ಳಿ, ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಹಾಸನದ ಬಸ್ ನಿಲ್ದಾಣಕ್ಕೆ ಬಂದೆ. ಮೈಸೂರು ಬಸ್ಸು ಹೊರಡುವುದರಲ್ಲಿತ್ತು, ಹತ್ತಿದೆ. ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಮೈಸೂರೇನು ನನಗೆ ಹೊಸದಲ್ಲ. ಆದರೆ ಬಂದಾಗಲೆಲ್ಲ ಯಾರದೋ ಜೊತೆ, ಏನೋ ಕೆಲಸಕ್ಕೆ. ಮದುವೆ ಸೀರೆ, ಕಣ್ಣಿನ ಡಾಕ್ಟರು, ಕುವೆಂಪುನಗರದ ನೆಂಟರ ಗೃಹಪ್ರವೇಶ. ಕೆಲಸವೇ ಇಲ್ಲದೆ ಬಂದದ್ದು ಇದೇ ಮೊದಲು. ಲಾಡ್ಜಿನ ಕೌಂಟರಿನಲ್ಲಿದ್ದವನಿಗೂ ಅದು ವಿಚಿತ್ರವಾಗಿ ಕಂಡಿರಬೇಕು.

"ಒಬ್ರೇನಾ ಮೇಡಂ? ಫಂಕ್ಷನ್ನಾ?"

"ಅಲ್ಲಪ್ಪ."

"ಆಸ್ಪತ್ರೆಗಾ?"

"ಸುಮ್ನೆ ಬಂದೆ."

"ಸುಮ್ನೆ," ಎಂದು ತನಗೆ ತಾನೇ ಒಮ್ಮೆ ಹೇಳಿಕೊಂಡು ಬೀಗದ ಕೈ ಕೊಟ್ಟ.

ಮರುದಿನ ಬೆಳಿಗ್ಗೆ ಕಾಫಿ ಕುಡಿದು, ರೂಮು ಬಿಟ್ಟು, ಚೀಲ ಹೆಗಲಿಗೇರಿಸಿ ಅಗ್ರಹಾರದ ಕಡೆ ಹೊರಟೆ. ಯಾರೂ ಜೊತೆಗಿಲ್ಲದಿದ್ದರೆ ಎಷ್ಟು ನಿಧಾನವಾಗಿ ನಡೆಯಬಹುದು ಎಂಬುದು ನನಗೇ ಗೊತ್ತಿರಲಿಲ್ಲ. ಕಾಫಿಪುಡಿ ಬೀಸುವ ಅಂಗಡಿಯೆದುರು ನಿಂತೆ. ಸ್ಕೂಟರ್ ನಿಲ್ಲಿಸಲು ಜಾಗವಿಲ್ಲದೆ ಅರ್ಧ ರಂಗೋಲಿಯ ಮೇಲೆಯೇ ಚಕ್ರವಿಟ್ಟಿದ್ದ ಒಂದು ಮನೆಯ ಮುಂದೆಯೂ ನಿಂತೆ. ಹಾಗೆಯೇ ಒಂದು ಓಣಿಯಲ್ಲಿ, ಜಗಲಿಯ ಮೇಲೆ ಕೂತು ಹೂವಿನ ಕೆಲಸ ಮಾಡುತ್ತಿದ್ದ ಹೆಂಗಸಿನ ಮುಂದೆ ನಿಂತುಬಿಟ್ಟೆ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಪಕ್ಕದಲ್ಲಿ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ. ಬಟ್ಟೆ ಸುತ್ತಿದ ಉದ್ದನೆಯ ರಟ್ಟಿನ ಪಟ್ಟಿಗೆ ಮಲ್ಲಿಗೆ ಮೊಗ್ಗುಗಳನ್ನು ಸೂಜಿಯಿಂದ ಸಾಲುಸಾಲಾಗಿ ಹೊಲಿಯುತ್ತಿದ್ದಳು.

"ಯಾರ ಮನೆ ಬೇಕಿತ್ತಮ್ಮ?" ತಲೆಯೆತ್ತದೆ ಕೇಳಿದಳು.

"ಯಾರದೂ ಇಲ್ಲ. ನೋಡ್ತಾ ನಿಂತೆ."

"ನೋಡೋಕೆ ಯಾಕೆ ನಿಂತ್ಕೋತೀರಿ? ಕೂತ್ಕೊಂಡೇ ನೋಡಿ."

ಕೂತೆ. ಮೊಗ್ಗಿನ ಜಡೆಯನ್ನು ನಾನೂ ಮುಡಿದವಳೇ. ಆದರೆ ಅದು ಸಿದ್ಧವಾಗಿ ಬಂದು ಬೆನ್ನಿಗೆ ಬಿದ್ದದ್ದಷ್ಟೇ ನೆನಪು. ಕಟ್ಟುವುದನ್ನು ಕಂಡಿರಲಿಲ್ಲ. ಒಂದೊಂದೇ ಪ್ರಶ್ನೆ ಕೇಳಿದೆ. ರಟ್ಟಿಗೆ ಬಟ್ಟೆ ಯಾಕೆ? ಬುಟ್ಟಿ ಮುಚ್ಚಿರುವುದು ಯಾಕೆ? ಅವಳು ಬೇಸರಿಸದೆ ಹೇಳಿದಳು. ಕೊನೆಗೆ ಅವಳ ಕಷ್ಟವೂ ಹೊರಬಂತು.

"ಹಿಂದಿನ ಬೀದಿ ಹುಡ್ಗೀದು ಇವತ್ತು ಸಂಜೆ ಸೀಮಂತ. ಊಟ ಆಗ್ತಿದ್ದಂಗೇ ಜಡೆ ಕಟ್ಟಿಸ್ಕೊಳ್ಳೋಕೆ ಬಂದ್ಬುಡ್ತಾರೆ. ನಮ್ ನಾದಿನಿ ಬತ್ತೀನಿ ಅಂದಿದ್ಲು, ಈಗ ನೋಡಿದ್ರೆ ಜ್ವರ ಅಂತವ್ಳೆ. ನಾನೊಬ್ಳೇ ಕೂತು ಮುಗ್ಸೋ ಹೊತ್ಗೆ ಮೊಗ್ಗೆಲ್ಲ ಬಿರಿದ್ಬುಡ್ತವೆ ಕಣಮ್ಮ."

ಅದಿಷ್ಟೇ ಆಗಿರಲಿಲ್ಲ. ಈ ಬೀದಿಗೆಲ್ಲ ಜಡೆ ಕಟ್ಟುತ್ತಿದ್ದುದು ಅವಳ ಅತ್ತೆ. ಅತ್ತೆ ತೀರಿಕೊಂಡ ಮೇಲೆ ಸೊಸೆ ತಾನಾಗಿ ಒಪ್ಪಿಕೊಂಡ ಮೊದಲ ಜಡೆ ಇದು. ಆ ಹುಡುಗಿಯ ತಾಯಿಯ ಸೀಮಂತಕ್ಕೂ ಅತ್ತೆಯೇ ಕಟ್ಟಿದ್ದರಂತೆ. ಕನ್ನಡಿಯ ಮುಂದೆ ನಿಲ್ಲಿಸಿ, ಮುಖವೂ ಜಡೆಯೂ ಒಟ್ಟಿಗೆ ಕಾಣುವಂತೆ ತೆಗೆದ ಆ ಹಳೆಯ ಫೋಟೊವನ್ನು ತಾಯಿ ಫೋನಿಗೆ ಕಳಿಸಿದ್ದರು. ಪೂರ್ತಿ ಬಿಳಿ, ಮೇಲೊಂದು ಕೆಳಗೊಂದು ಕನಕಾಂಬರದ ಸಾಲು. ಅದೇ ಥರ ಬೇಕಂತೆ.

"ಇದೊಂದು ಕೆಟ್ರೆ ಇನ್ಯಾರು ನನ್ನ ಕೇಳ್ತಾರೆ?" ಎಂದಳು.

"ಹೂ ಕಟ್ಟೋದು ನಂಗೂ ಬರುತ್ತೆ. ಒಂದು ಸೂಜಿ ಕೊಡಿ," ಎಂದೆ.

ಎದುರುಬದುರು ಕೂತೆವು. ಪಟ್ಟಿ ಇಬ್ಬರ ಮಡಿಲಿನ ಮೇಲೆ ಚಾಚಿಕೊಂಡಿತು. "ನಾನು ಕೆಳಗ್ಲಿಂದ ಬತ್ತೀನಿ, ನೀವು ಮೇಲ್ಗಡೆಯಿಂದ ಬನ್ನಿ, ನನ್ ಥರಾನೇ ಹೊಲೀರಿ," ಎಂದಳು. ಮೊಗ್ಗಿನ ಮೂತಿ ಅವಳ ಮಡಿಲಿನ ಕಡೆಗಿತ್ತು. ನಾನೂ ಹಾಗೆಯೇ ನನ್ನ ಮಡಿಲಿನ ಕಡೆಗೆ ಮೂತಿಯಿಟ್ಟು ಹೊಲಿಯುತ್ತ ಬಂದೆ. ಮಾತು ಬೆಳೆಯಿತು. ಅವಳ ತವರು ನಂಜನಗೂಡಿನ ಕಡೆಯ ಹಳ್ಳಿ, ಗಂಡ ಶ್ರೀರಾಂಪುರದ ಹೊಸ ಬಡಾವಣೆಯಲ್ಲಿ ಗಾರೆ ಕೆಲಸದ ಮೇಸ್ತ್ರಿ. ನಡುವೆ ಒಂದು ಲೋಟ ಮಜ್ಜಿಗೆಯೂ ಆಯಿತು. ಬೆರಳುಗಳು ಒಂದೇ ಲಯಕ್ಕೆ ಬಂದವು ಅನ್ನುವಷ್ಟರಲ್ಲಿ ಪಟ್ಟಿಯ ಮಧ್ಯದಲ್ಲಿ ಎದುರಾದೆವು.

ಅವಳ ಸೂಜಿ ನಿಂತುಬಿಟ್ಟಿತು.

"ಅಯ್ಯಯ್ಯೋ! ಇದೇನಮ್ಮ, ನಿಮ್ಮ ಮೊಗ್ಗೆಲ್ಲ ತಲೆ ಕಡೆ ಮುಖ ಮಾಡವೆ!"

ನೋಡಿದೆ. ಅವಳ ಮೊಗ್ಗುಗಳು ಜಡೆಯ ತುದಿಗೆ ಇಳಿಯುತ್ತಿದ್ದವು, ನನ್ನವು ಮೇಲಕ್ಕೆ ಹತ್ತುತ್ತಿದ್ದವು. ಅರ್ಧ ಜಡೆ ತಲೆಕೆಳಗು. ಬಿಚ್ಚಿದರೆ ಮೊಗ್ಗು ನಲುಗಿ ಕಂದುತ್ತವೆ. ಬುಟ್ಟಿಯಲ್ಲಿ ಬೇರೆ ಮೊಗ್ಗಿಲ್ಲ, ಉಳಿದಿದ್ದದ್ದು ಒಂದಿಷ್ಟು ಕನಕಾಂಬರ ಮಾತ್ರ. ಓಣಿಯಲ್ಲಿ ಬಿಸಿಲು ಏರಿತ್ತು.

ಅವಳು ನನ್ನನ್ನು ಬೈಯಲಿಲ್ಲ. ಒಳಗೆ ಹೋಗಿ ದೊಡ್ಡ ಕತ್ತರಿ ತಂದು, ನಾವು ಎದುರಾದ ಜಾಗದಲ್ಲೇ ಪಟ್ಟಿಯನ್ನು ಕತ್ತರಿಸಿಯೇಬಿಟ್ಟಳು. ನನ್ನ ಅರ್ಧವನ್ನು ಗಿರಕ್ಕನೆ ತಿರುಗಿಸಿಟ್ಟಳು. ಈಗ ಎಲ್ಲ ಮೊಗ್ಗೂ ಒಂದೇ ಕಡೆ ನೋಡುತ್ತಿದ್ದವು. ಎರಡು ತುಂಡಿನ ಬಟ್ಟೆಯನ್ನು ಸೇರಿಸಿ ದಪ್ಪ ದಾರದಲ್ಲಿ ಹೊಲಿದಳು. ಆ ಹೊಲಿಗೆ ಮುಚ್ಚುವಂತೆ ಅಡ್ಡಲಾಗಿ ಕನಕಾಂಬರ ಇಟ್ಟಳು. ಮೊಗ್ಗು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಆದರೆ ಫೋಟೊದಲ್ಲಿ ಇಲ್ಲದ ಕೇಸರಿ ಗೆರೆಯೊಂದು ನಟ್ಟನಡುವೆ ಬಂದಿತ್ತು.

ತಾಯಿ ಮಗಳು ಬಂದಾಗ ತಾಯಿಯ ಕಣ್ಣು ಮೊದಲು ಬಿದ್ದದ್ದು ಆ ಗೆರೆಯ ಮೇಲೇ. "ಇದ್ಯಾಕೆ ಇಲ್ಲಿ? ನಾನು ಹೇಳಿದ್ದು ಹೀಗಲ್ವಲ್ಲ."

"ಕತ್ತರಿಸಿ ಜೋಡಿಸಿದೀನಿ ಕಣಕ್ಕ. ಇವ್ರು ಅಲ್ಲಿಂದ ನಾನು ಇಲ್ಲಿಂದ ಹೊಲಿಯೋಕೋಗಿ ಎದುರುಬದುರಾಗೋಯ್ತು."

"ಕತ್ತರಿಸಿದ್ರಾ! ನಿಮ್ಮತ್ತೆ ಇದ್ದಿದ್ರೆ ಹೀಗಾಗ್ತಿತ್ತಾ?"

ಅವಳ ಮುಖ ಸಣ್ಣಗಾಯಿತು. "ತಪ್ಪು ನಂದು ಕಣ್ರೀ," ಎಂದೆ. ನೀವ್ಯಾರು ಎಂಬಂತೆ ತಾಯಿ ನನ್ನ ಕಡೆ ತಿರುಗಿದರು. ಹಾಸನದಿಂದ ಸುಮ್ಮನೆ ಬಂದವಳು ಎಂದು ಹೇಳುವ ಹೊತ್ತು ಅದಾಗಿರಲಿಲ್ಲ.

"ಅಮ್ಮಾ, ನಿಂತ್ಕೊಳ್ಳೋಕಾಗ್ತಿಲ್ಲ. ಏನಿದ್ಯೋ ಅದು ಕಟ್ಟಿಸ್ಬಿಡು," ಎಂದು ತುಂಬು ಬಸುರಿ ಮಗಳು ಸ್ಟೂಲಿನ ಮೇಲೆ ಕೂತಳು. ಚೌರಿ ಸೇರಿಸಿ ಹೆಣೆದ ಜಡೆಗೆ ಮೊಗ್ಗಿನ ಪಟ್ಟಿ ಬಿಗಿಯಾಯಿತು. ಕೊನೆಯ ಗಂಟು ಬೀಳುತ್ತಿದ್ದಂತೆ ಹುಡುಗಿ ಉಸ್ಸೆಂದು ಹಿಂದಿನ ಗೋಡೆಗೆ ಒರಗಿಬಿಟ್ಟಳು.

"ಏಯ್, ಒರಗ್ಬೇಡ್ವೇ! ಮೊಗ್ಗೆಲ್ಲ ಜಜ್ಜಿಹೋಗುತ್ತೆ!" ತಾಯಿ ಕೂಗಿಕೊಂಡರು.

"ಇಲ್ಲಮ್ಮ, ಚುಚ್ತಾನೂ ಇಲ್ಲ."

ಮೂವರೂ ಬಗ್ಗಿ ನೋಡಿದೆವು. ಒರಗಿದ್ದು ಭುಜ ಮಾತ್ರ. ಜೋಡಿಸಿದ ಕಡೆಯಲ್ಲಿ ಪಟ್ಟಿ ಮಡಚಿಕೊಂಡು ನಡು ಬಗ್ಗಿದಂತೆ ಬಗ್ಗಿ, ಗೋಡೆಗೂ ಬೆನ್ನಿಗೂ ನಡುವಿನ ಸಂದಿಯಲ್ಲಿ ನೆಮ್ಮದಿಯಾಗಿ ಇಳಿದಿತ್ತು. ತಾಯಿ ಆ ಕೇಸರಿ ಗೆರೆಯನ್ನು ಬೆರಳಿನಿಂದ ಒತ್ತಿ ನೋಡಿದರು.

"ನಂದು ಬೆನ್ನಿಗೆ ಹಲಗೆ ಕಟ್ಟಿದ ಹಾಗಿತ್ತು. ಫೋಟೊದಲ್ಲಿ ನಗ್ತಿದೀನಿ ಅಷ್ಟೇ," ಎಂದರು. ಜಗಲಿ ಇಳಿಯುವಾಗ ತಿರುಗಿ, "ಭಾವನ ಮಗಳ ಮದುವೆಗೂ ನೀವೇ ಕಟ್ಟಿ. ಮೊದಲೇ ಹೇಳಿದೀನಿ," ಎಂದರು.

ಆಟೋ ಓಣಿಯ ತಿರುವು ದಾಟಿತು. ನನಗೆ ಬಸ್ಸಿಗೆ ಹೊತ್ತಾಗುತ್ತಿತ್ತು. ಆದರೂ ಕೇಳದೆ ಇರಲಾಗಲಿಲ್ಲ. "ನಿಮ್ಮತ್ತೆ ಯಾವತ್ತೂ ಕತ್ತರಿಸಿ ಜೋಡಿಸಿರ್ಲಿಲ್ವಾ?"

"ಎಲ್ಲಿ! ಪಟ್ಟಿಗೆ ಕತ್ತರಿ ಮುಟ್ಟಿಸಿದ್ರೆ ಕೈ ಮೇಲೇ ಒಂದು ಬಿಡೋರು." ಅವಳು ಒಳಗಿನಿಂದ ಹೊಸ ರಟ್ಟೊಂದನ್ನು ತಂದು, ಅತ್ತ ಇತ್ತ ಬಗ್ಗಿಸಿ ನೋಡಿದಳು. "ಒಂದು ಕಡೆ ಸಾಕಾ, ಇಲ್ಲಾ ಎರಡು ಕಡೆ ಕತ್ತರಿಸ್ಬುಡ್ಲಾ? ನೀವು ವಸಿ ಆ ಕಡೆ ತಿರುಗಿ ಕೂತ್ಕೊಳ್ಳಿ."

ಚೀಲ ಕೆಳಗಿಟ್ಟು ತಿರುಗಿ ಕೂತೆ. ಅವಳು ರಟ್ಟನ್ನು ನನ್ನ ಬೆನ್ನಿಗೆ ಹಿಡಿದಳು.

"ಈಗ ಒರಗಿ," ಎಂದಳು.