ಎರಡನೆಯ ಫೋನ್

ನಮ್ಮ ಮನೆಯಲ್ಲಿ ಪೇಪರ್ ಓದುವುದೆಂದರೆ ನನ್ನ ಗಂಡ ಓದುವುದು, ನಾನು ಕೇಳಿಸಿಕೊಳ್ಳುವುದು. ಕೆನಡಾದ ಓಕ್‌ವಿಲ್‌ನ ಕಾರ್ ಪ್ಲಾಂಟಿನಲ್ಲಿ ಇಪ್ಪತ್ತೆರಡು ವರ್ಷ ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ಅಲ್ಲಿಯ ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ಅವರ ಗಂಟಲು ಇಂದಿಗೂ ತಗ್ಗಿಲ್ಲ. ಮೆಡೋವೇಲ್‌ನ ನಮ್ಮ ಸಣ್ಣ ಅಡುಗೆಮನೆಯಲ್ಲಿ ಅವಲಕ್ಕಿ ತಿನ್ನುತ್ತ, ಐಪ್ಯಾಡನ್ನು ಉಪ್ಪಿನಕಾಯಿ ಬಾಟಲಿಗೆ ಒರಗಿಸಿಕೊಂಡು, ಲೋಕದ ಸುದ್ದಿಯನ್ನೆಲ್ಲ ಧಾರವಾಡದ ಕನ್ನಡಕ್ಕೆ ಇಳಿಸಿ ನನಗೆ ಬಡಿಸುತ್ತಾರೆ. ನಾನು ಮೈಸೂರಿನವಳು, ಅರ್ಧ ಕೇಳುತ್ತೇನೆ, ಇನ್ನರ್ಧಕ್ಕೆ ಹೂಂಗುಟ್ಟುತ್ತೇನೆ.

ಕಳೆದ ನವೆಂಬರಿನ ಒಂದು ಬೆಳಗ್ಗೆ ಹೂಂಗುಟ್ಟಲು ಆಗಲಿಲ್ಲ.

“ಏ, ಕೇಳಿಲ್ಲೆ. ನಮ್ಮ ಮುದುಕನ ವಿಚಾರಣಿ ಪೂರಾ ಪೇಪರಿನ್ಯಾಗ ಹಾಕ್ಯಾರ,” ಎಂದರು.

ನಮ್ಮ ಮುದುಕ ಎಂದರೆ ಒಬ್ಬ ಸರ್ವಾಧಿಕಾರಿ. ಕೆನಡಾಕ್ಕೆ ಬರುವ ಮೊದಲು ನಾವಿಬ್ಬರೂ ಅವನ ದೇಶದಲ್ಲಿ ನಾಲ್ಕು ವರ್ಷ ದುಡಿದಿದ್ದೆವು. ಇವರು ನೀರಿನ ಪೈಪ್‌ಲೈನ್ ಪ್ರಾಜೆಕ್ಟಿನಲ್ಲಿ, ನಾನು ಇನ್ನೂರು ಮೈಲಿ ದೂರದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಡಾಕ್ಟರ್ ಆಗಿ. ಆಗ ಅವನು ಮುದುಕನಾಗಿರಲಿಲ್ಲ. ನನ್ನ ವಾರ್ಡಿನ ಗೋಡೆಯ ಫೋಟೋದಲ್ಲಿ ಕಪ್ಪು ಮೀಸೆ ಹೊತ್ತು ನಗುತ್ತಿದ್ದ. ಕೆಲವು ತಿಂಗಳ ಹಿಂದೆ ಅವನನ್ನು ಹಿಡಿದಾಗ ಟಿವಿಯಲ್ಲಿ ನೋಡಿದೆವು, ಕೆದರಿದ ಗಡ್ಡ, ಯಾರದೋ ಸಡಿಲ ಕೋಟು. ಆ ಮಹಾಶಯನನ್ನು ಹಿಡಿದ ದೇಶದವರು ಅವನಿಗೆ ಕೇಳಿದ ಪ್ರಶ್ನೆಗಳನ್ನು ಈಗ ಪ್ರಕಟಿಸಿದ್ದರು. ಅದರಲ್ಲಿ ಒಂದು ಭಾಗ ಪೂರ್ತಿ ಒಬ್ಬ ಪೈಲಟ್ ಬಗ್ಗೆ. ಮೂವತ್ತೆರಡು ವರ್ಷದ ಹಿಂದಿನ ಯುದ್ಧದಲ್ಲಿ ಅವರ ಒಂದು ಯುದ್ಧವಿಮಾನ ಬಿದ್ದಿತ್ತು. ಅದರಲ್ಲಿದ್ದವನ ಹೆಣವೂ ಸಿಕ್ಕಿರಲಿಲ್ಲ, ಸುದ್ದಿಯೂ ಸಿಕ್ಕಿರಲಿಲ್ಲ.

ಇವರು ನಾಟಕ ಓದಿದ ಹಾಗೆ ದನಿ ಬದಲಿಸಿ ಬದಲಿಸಿ ಓದಿದರು. ಪೈಲಟ್ ಎಲ್ಲಿ? ನನಗೆ ಗೊತ್ತಿಲ್ಲ, ಸೆರೆಸಿಕ್ಕವರನ್ನೆಲ್ಲ ವಾಪಸು ಕಳಿಸಿದೆವು. ನೀನು ಬಚ್ಚಿಟ್ಟಿದ್ದೆ. ಒಬ್ಬ ಪೈಲಟನ್ನು ಬಚ್ಚಿಟ್ಟು ನಾನೇನು ಮಾಡಲಿ? ಯುದ್ಧ ಮುಗಿದು ಆರು ವರ್ಷದ ಮೇಲೆ ಅವನ ತಾಯಿಗೆ ಒಂದು ಫೋನ್ ಬಂದಿತ್ತು. ಒಬ್ಬ ಹೆಂಗಸು, ತಾನು ಡಾಕ್ಟರ್ ಎಂದಳು. ನಿಮ್ಮ ಮಗನಿಗೆ ತುಂಬಾ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾನೆ ಎಂದಳು. ಯಾವ ಆಸ್ಪತ್ರೆ? ಆ ಡಾಕ್ಟರ್ ಯಾರು?

ಈ ಪ್ರಶ್ನೆಯನ್ನು ಅವನಿಗೆ ಹನ್ನೊಂದು ಸಲ ಕೇಳಿದ್ದರಂತೆ. ಮೊದಲು ನಕ್ಕ, ಆಮೇಲೆ ಸಿಟ್ಟಾದ. ಕೊನೆಯ ಸಲ ಮಾತ್ರ, ಹಾಗೆ ಯಾರಾದರೂ ಇದ್ದರೆ ಅವಳನ್ನು ಹಿಡಿದು ತಂದು ಕೇಳಿ, ನನಗೂ ತಿಳಿಯಲಿ ಎಂದನಂತೆ.

“ಗೊತ್ತಿಲ್ಲಂತ!” ಇವರು ಮೇಜು ಕುಟ್ಟಿದರು. “ಇಡೀ ದೇಶದಾಗ ಒಂದು ಎಲಿ ಅಳ್ಳಾಡಿದ್ರೂ ಇವಂಗ ಗೊತ್ತಾಗತಿತ್ತು. ಎಂಥಾ ಸುಳ್ಳ ಹೇಳ್ತಾನ ನೋಡು!”

“ಅವನು ನಿಜ ಹೇಳ್ತಿದಾನೆ ರೀ,” ಎಂದೆ.

“ನಿನಗ ಹ್ಯಾಂಗ ಗೊತ್ತು?”

“ಆ ಫೋನ್ ಮಾಡಿದ್ದು ನಾನು.”

ಇವರು ಚಮಚ ಕೆಳಗಿಟ್ಟರು.

ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೇಳುವಾಗ ಅತ್ತಿದ್ದೆ. ಬರೆಯುವಾಗ ಅಳು ಬರುತ್ತಿಲ್ಲ, ನನ್ನ ಮೇಲೆ ಕೋಪ ಮಾತ್ರ ಬರುತ್ತಿದೆ.

ಯುದ್ಧದ ಎರಡನೆಯ ವಾರ ಇಬ್ಬರು ಸೈನಿಕರು ಒಂದು ಲಾರಿಯಲ್ಲಿ ಅವನನ್ನು ತಂದು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಮಲಗಿಸಿ ಹೋದರು. ಮೈಯೆಲ್ಲ ಸುಟ್ಟಿತ್ತು. ಸುಟ್ಟಗಾಯದ ಮುಲಾಮು ತಿಂಗಳಿನಿಂದ ಇರಲಿಲ್ಲ, ನೋವಿಗೆ ಕೊಡುವ ಮಾರ್ಫಿನ್ ಇಂಜೆಕ್ಷನ್ ಎರಡೇ ಎರಡು ಇತ್ತು, ಎರಡನ್ನೂ ಅವನಿಗೇ ಕೊಟ್ಟೆ. ಅಲ್ಲಿ ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ. ಯಾವ ದೇಶ ಎಂದು ಅವನು ಕೇಳಿದ, ಇಂಡಿಯಾ ಎಂದೆ. ಹೆಸರು ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವನ ತಾಯಿಗೆ ಸೇರಿದ್ದು. ಆಮೇಲೆ ಒಂದು ಫೋನ್ ನಂಬರ್ ಹೇಳಿದ. ಬರೆದುಕೊಳ್ಳಲು ಹೆದರಿಕೆ. ಅದಕ್ಕೆ ಚಿಕ್ಕಂದಿನಲ್ಲಿ ಮಗ್ಗಿ ಉರು ಹೊಡೆದ ಹಾಗೆ ಕನ್ನಡದಲ್ಲಿ ಅಂಕಿಗಳನ್ನು ಉರು ಹೊಡೆದೆ. ಅವನು ನನ್ನಿಂದ ಮತ್ತೆ ಮತ್ತೆ ಇಂಗ್ಲಿಷಿನಲ್ಲಿ ಹೇಳಿಸಿ ಸರಿಯಾಗಿದೆ ಎಂದು ತಲೆಯಾಡಿಸಿದ. “ಮನೆಗೆ ಹೇಳಿ,” ಎಂದ. ಒಂದೂವರೆ ದಿನ ಇದ್ದ. ಎರಡನೆಯ ಮಧ್ಯಾಹ್ನ ಅವನ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದಾಗ ಹೋದ.

ಸಂಜೆ ಆಡಳಿತಾಧಿಕಾರಿಯ ಕೋಣೆಗೆ ಕರೆ ಬಂತು. ಅಲ್ಲೊಬ್ಬ ಮಿಲಿಟರಿ ಅಧಿಕಾರಿ ಕೂತಿದ್ದ. ಪರದೇಶದ ಕೆಲಸಗಾರರ ಪಾಸ್‌ಪೋರ್ಟುಗಳೆಲ್ಲ ಸಂಸಾರದವರದೂ ಸೇರಿ ಆ ಕೋಣೆಯ ಡ್ರಾಯರಿನಲ್ಲಿರುತ್ತಿದ್ದವು. ಅವನು ನನ್ನದನ್ನೂ ನನ್ನ ಗಂಡನದನ್ನೂ ತೆಗೆದು ಮೇಜಿನ ಮೇಲಿಟ್ಟು, ಮರಣದ ಸರ್ಟಿಫಿಕೇಟಿಗೆ ಬೇಕಾದ್ದನ್ನು ಹೇಳಿ ಬರೆಸಿದ. ಹೆಸರು ಗೊತ್ತಿಲ್ಲ. ಕಸುಬು ಕುರಿ ಕಾಯುವುದು. ಕಾರಣ ಸೀಮೆಎಣ್ಣೆ ಸ್ಟೋವ್ ಸಿಡಿತ. ಡಾಕ್ಟರುಗಳ ಅಕ್ಷರ ಯಾರಿಗೂ ತಿಳಿಯುವುದಿಲ್ಲ ಎಂದು ಜನ ನಗುತ್ತಾರಲ್ಲ, ನಾನು ಅಂದು ದುಂಡಾಗಿ, ಎಲ್ಲರಿಗೂ ತಿಳಿಯುವ ಹಾಗೆ ಬರೆದು ಸಹಿ ಹಾಕಿದೆ. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಅವನನ್ನು ಹೂಳಿದ್ದನ್ನು ಕಿಟಕಿಯಿಂದ ಕಂಡೆ. ನಾಲ್ಕನೆಯ ದಿನ ನಾವು ಆ ದೇಶ ಬಿಟ್ಟೆವು. ಪಾಸ್‌ಪೋರ್ಟ್ ಹೇಗೆ ಸಿಕ್ಕಿತು ಎಂದು ಇವರು ಕೇಳಿದ್ದಕ್ಕೆ ದೇವರು ದೊಡ್ಡವನು ಎಂದಿದ್ದೆ.

ಆ ಅಧಿಕಾರಿ ಮೇಲಿನವರಿಗೆ ಏನು ಹೇಳಿದನೋ, ಹೇಳಿದನೋ ಇಲ್ಲವೋ. ಬಿದ್ದ ಪೈಲಟ್ ಕೈಗೆ ಸಿಕ್ಕೂ ಔಷಧಿಯಿಲ್ಲದೆ ಸತ್ತ ಎಂದು ಆ ಮೀಸೆಯವನ ಮುಂದೆ ಹೋಗಿ ಹೇಳುವ ಧೈರ್ಯ ಯಾರಿಗಿತ್ತು? ದಾಖಲೆಯಲ್ಲಿ ಉಳಿದದ್ದು ಒಬ್ಬ ಕುರುಬ, ಅದೂ ನನ್ನ ಕೈಬರಹದಲ್ಲಿ. ಊರೂರನ್ನೇ ಸುಡಿಸಿದ ಮನುಷ್ಯ ಒಂದು ವಿಷಯದಲ್ಲಿ ನಿಜ ಹೇಳಿದಾಗ ಯಾರೂ ನಂಬಲಿಲ್ಲ. ನನ್ನನ್ನು ಮಾತ್ರ ಎಲ್ಲರೂ ನಂಬಿದರು.

ಇಲ್ಲಿಗೆ ಬಂದ ಮೇಲೆ ಮತ್ತೆ ಪರೀಕ್ಷೆಗಳು, ಲೈಸೆನ್ಸಿಗಾಗಿ ಐದು ವರ್ಷ. ಸುಳ್ಳು ಸರ್ಟಿಫಿಕೇಟ್ ಬರೆದವಳೆಂದು ತಿಳಿದರೆ ಯಾರು ಲೈಸೆನ್ಸ್ ಕೊಡುತ್ತಾರೆ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಆ ನಂಬರ್ ಮಾತ್ರ ಬಾಯಿ ಮುಚ್ಚಲಿಲ್ಲ. ಕೈ ತೊಳೆಯಲು ನಲ್ಲಿ ತಿರುಗಿಸಿದರೆ ಸಾಕು, ಅಂಕಿಗಳು ಸಾಲಾಗಿ ಶುರುವಾಗುತ್ತಿದ್ದವು. ಡಾಕ್ಟರ್ ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತಾಳೆ ಎಂದು ಲೆಕ್ಕ ಹಾಕಿಕೊಳ್ಳಿ.

ಇಲ್ಲಿಗೆ ಬಂದ ವರ್ಷ ಮೊದಲ ಮಹಾಲಯ ಅಮಾವಾಸ್ಯೆ ಬಂದಾಗ ಇವರಿಗೆ ಒಂದು ಮಾತು ಕೇಳಿದ್ದೆ: ನಿಮ್ಮವರಿಗೆಲ್ಲ ತರ್ಪಣ ಬಿಟ್ಟ ಮೇಲೆ ಇನ್ನೊಬ್ಬರಿಗೂ ಬಿಡಿ, ನನ್ನ ಕೈಯಲ್ಲೇ ಹೋದ ಪೇಷಂಟ್, ಹಿಂದೆ ಮುಂದೆ ಯಾರೂ ಇಲ್ಲ. ಗೋತ್ರ ಗೊತ್ತಿಲ್ಲದಿದ್ದರೆ ಕಾಶ್ಯಪ ಅನ್ನಿ ಎಂದರು ಪುರೋಹಿತರು. ಅಂದಿನಿಂದ ವರ್ಷ ತಪ್ಪದೆ ಇವರು ಅವನಿಗೆ ಎಳ್ಳು ನೀರು ಬಿಟ್ಟಿದ್ದಾರೆ. ಅಂದಿನ ವಡೆ ಪಾಯಸ ಬಡಿಸುವಾಗ, “ನಿನ್ನ ಪೇಷಂಟ್‌ಗೆ ವಡಿ ಸೇರತದೋ ಇಲ್ಲೋ,” ಎಂದು ತಮಾಷೆ ಮಾಡಿದ್ದಾರೆ. ನಾನೂ ನಕ್ಕಿದ್ದೇನೆ. ಅವನಿಗೆ ಮಾಡಬೇಕಾದ್ದನ್ನು ಮಾಡಿದೆವು ಎಂದು ಒಳಗೊಳಗೇ ಸಮಾಧಾನ ಪಟ್ಟುಕೊಂಡಿದ್ದೇನೆ.

ಇನ್ನು ಆ ಫೋನಿನ ವಿಷಯ.

ನಮ್ಮ ಕಡೆ ಸಾವಿನ ಸುದ್ದಿಯನ್ನು ಹೆತ್ತವರಿಗೋ ಮಕ್ಕಳಿಗೋ ಫೋನಿನಲ್ಲಿ ನೇರ ಹೇಳುವ ಪದ್ಧತಿಯಿಲ್ಲ. ಮೊದಲ ಫೋನಿನಲ್ಲಿ ತುಂಬಾ ಹುಷಾರಿಲ್ಲ, ಆಸ್ಪತ್ರೆಗೆ ಸೇರಿಸಿದ್ದೇವೆ ಎನ್ನುತ್ತಾರೆ. ಕೇಳಿದವರು ಕುಸಿಯಬಾರದು, ಹತ್ತಿರ ಯಾರಾದರೂ ಬಂದು ಕೂರುವಷ್ಟು ಹೊತ್ತು ಸಿಗಲಿ ಎಂದು. ಎರಡನೆಯ ಫೋನಿನಲ್ಲಿ ಉಳಿದದ್ದು. ನನ್ನ ಅಪ್ಪ ಹೋದಾಗಲೂ ಅಣ್ಣ ಹೀಗೇ ಮಾಡಿದ್ದ. “ಅಪ್ಪಂಗೆ ಯಾಕೋ ಹುಷಾರಿಲ್ಲ ಕಣೇ, ಆಸ್ಪತ್ರೇಲಿದಾರೆ, ಹೊರಟು ಬಾ,” ಎಂದ. ಅವನು ಫೋನ್ ಇಡುವ ಮೊದಲೇ ನನಗೆ ತಿಳಿದುಹೋಗಿತ್ತು. ನಮ್ಮಲ್ಲಿ ಎಲ್ಲರಿಗೂ ತಿಳಿಯುತ್ತದೆ. ಆದರೂ ಎರಡನೆಯ ಫೋನ್ ಬರುವವರೆಗೆ ಯಾರೂ ಬಾಯಿಬಿಟ್ಟು ಅಳುವುದಿಲ್ಲ.

ಲೈಸೆನ್ಸ್ ಕೈಗೆ ಬಂದ ಮೇಲೆ ಒಂದು ಶನಿವಾರ ಧೈರ್ಯ ಮಾಡಿದೆ. ಇಂಡಿಯನ್ ಅಂಗಡಿಯಲ್ಲಿ ಕಾಲಿಂಗ್ ಕಾರ್ಡ್ ಕೊಂಡು, ಮನೆಯಿಂದ ದೂರದ ಒಂದು ಪ್ಲಾಜಾದ ಗೋಡೆಯಲ್ಲಿದ್ದ ಪೇಫೋನಿನಿಂದ ಮಾಡಿದೆ. ಹಗಲು ಹೊತ್ತು, ಪಕ್ಕದ ಲಾಂಡ್ರಿಯಿಂದ ಸೋಪಿನ ಬಿಸಿ ವಾಸನೆ. ಒಬ್ಬ ಹೆಂಗಸು ಎತ್ತಿಕೊಂಡಳು. ಅವನ ತಾಯಿಯೇ ಎಂದು ಖಾತ್ರಿ ಮಾಡಿಕೊಂಡೆ. ನಾಲ್ಕು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ವಾಕ್ಯ ಮರೆತುಹೋಗಿ, ನಾಲಗೆಗೆ ಬಂದದ್ದು ನಮ್ಮಣ್ಣನ ವಾಕ್ಯ. “ನಾನು ಡಾಕ್ಟರ್. ನಿಮ್ಮ ಮಗನಿಗೆ ತುಂಬಾ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾನೆ,” ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ನಮ್ಮವರಾಗಿದ್ದರೆ ಇಲ್ಲಿ ದನಿ ಒಡೆಯುತ್ತದೆ. ನಾನು ಅದಕ್ಕೇ ಕಾದೆ. ಆ ತಾಯಿ ಕೂಗಿದಳು. ಸಂತೋಷದ ಕೂಗು ಅದು. “ಬದುಕಿದ್ದಾನೆ!” ಎಂದು ಮನೆಯೊಳಗೆ ಯಾರನ್ನೋ ಕರೆದು ಹೇಳುತ್ತಿದ್ದಳು, ನಗುತ್ತಿದ್ದಳು. ನಾನು ಫೋನ್ ಇಟ್ಟುಬಿಟ್ಟೆ.

ನಾಳೆ ಮಾಡುತ್ತೇನೆ ಎಂದುಕೊಂಡೆ. ನಾಳೆ ಭಾನುವಾರ, ಮನೆಗೆ ಜನ. ಸೋಮವಾರ ಕ್ಲಿನಿಕ್. ಆಮೇಲೆ ಆ ಕೂಗಿನ ನೆನಪಾದರೆ ಸಾಕು, ಎತ್ತಿದ ಫೋನನ್ನು ಕೆಳಗಿಡುತ್ತಿದ್ದೆ. ವಿಚಿತ್ರ ನೋಡಿ, ಕ್ಲಿನಿಕ್ಕಿನಲ್ಲಿ ಕೆಟ್ಟ ಸುದ್ದಿಯನ್ನು ಸುತ್ತಿಬಳಸದೆ ಹೇಳುವ ಡಾಕ್ಟರ್ ಎಂದು ನನಗೆ ಹೆಸರು ಬಂತು. ಹೊಸ ಡಾಕ್ಟರುಗಳನ್ನು ಕಲಿಯಲು ನನ್ನ ಪಕ್ಕದಲ್ಲಿ ಕೂರಿಸುತ್ತಿದ್ದರು. ಅವರು ಹೋದ ಮೇಲೆ ನಾನು ಕೈ ತೊಳೆಯುತ್ತಿದ್ದೆ, ಅಂಕಿಗಳು ಶುರುವಾಗುತ್ತಿದ್ದವು.

ಇಷ್ಟನ್ನೂ ಹೇಳುವಷ್ಟರಲ್ಲಿ ನನ್ನ ಗಂಡನ ಅವಲಕ್ಕಿ ತಟ್ಟೆಯಲ್ಲೇ ಒಣಗಿತು.

“ಮೂವತ್ತು ವರ್ಷ ನಾ ಅವಂಗ ಎಳ್ಳು ನೀರು ಬಿಟ್ಟೇನಿ,” ಎಂದರು. “ಅವರವ್ವ ಅಲ್ಲೆ ದಾರಿ ನೋಡಕೋತ ಕೂತಾಳ. ನನಗರೆ ಹೇಳಬಾರದಿತ್ತೇನ?”

“ನಿಮ್ಮ ಪಾಸ್‌ಪೋರ್ಟಿಗೂ ಸೇರಿಸಿ ಸಹಿ ಹಾಕಿದ್ದೆ ರೀ. ಹೇಳಿದ್ರೆ ನೀವೂ ಹೊತ್ಕೋಬೇಕಾಗಿತ್ತು.”

“ಹೊರತಿದ್ದೆ,” ಎಂದರು, ಸಿಟ್ಟಿನಿಂದ. ಅಷ್ಟು ಸಿಟ್ಟು ಅವರಿಗೆ ನನ್ನ ಮೇಲೆ ಯಾವತ್ತೂ ಬಂದಿರಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದರು. ಚಳಿಗೆಂದು ಒಳಗೆ ತಂದಿಟ್ಟ ತುಳಸಿ ಕುಂಡದ ಒಣ ಎಲೆಗಳನ್ನು ಒಂದೊಂದಾಗಿ ಕಿತ್ತರು. ಮತ್ತೆ ಬಂದು ಐಪ್ಯಾಡಿನಲ್ಲಿ ಉಳಿದದ್ದನ್ನು ಓದಿದರು, ಈ ಸಲ ದನಿ ತಗ್ಗಿಸಿ. ತಾಯಿಗೆ ಈಗ ಎಂಬತ್ತಾರು. ಚರ್ಚಿನಲ್ಲಿ ಮಗನ ಹೆಸರಲ್ಲಿ ಕೊನೆಯ ಪ್ರಾರ್ಥನೆ ಮಾಡಿಸಲು ಅವಳು ಬಿಟ್ಟಿಲ್ಲ. ಆ ಡಾಕ್ಟರ್ ಮತ್ತೆ ಮಾಡಬಹುದು ಎಂದು ಫೋನ್ ನಂಬರ್ ಬದಲಾಯಿಸಿಲ್ಲ. ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿದಿಲ್ಲ.

“ಮಾಡು,” ಎಂದರು ಇವರು. “ಹೂಳಿದ ಜಾಗಾ, ಸರ್ಟಿಫಿಕೇಟು, ಎಲ್ಲಾ ನಾಳೆ ವಕೀಲರ ಕಡೆ ಹೋಗಿ ಬರಿಸೋಣು. ಮೊದಲ ಅವರವ್ವಗ ಹೇಳು.”

“ಸ್ಪೀಕರ್ ಹಾಕ್ಲಾ?”

“ಬ್ಯಾಡ. ಅದು ನಿನ್ನ ಫೋನು.” ಆದರೆ ಎದ್ದು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

ಅಂಕಿಗಳನ್ನು ಒತ್ತಲು ಯೋಚಿಸಬೇಕಾಗಲಿಲ್ಲ. ಆರು ಸಲ ರಿಂಗ್ ಆಯಿತು. ಹಲೋ ಎಂದ ದನಿ ಸಣ್ಣದಾಗಿತ್ತು, ಒಣಗಿತ್ತು.

“ನಾನು ಡಾಕ್ಟರ್,” ಎಂದೆ. “ತುಂಬ ವರ್ಷದ ಹಿಂದೆ ಒಮ್ಮೆ ಫೋನ್ ಮಾಡಿದ್ದೆ.”

“ಗೊತ್ತಾಯಿತು. ನಿಮ್ಮ ದನಿ ನನಗೆ ಮರೆತಿಲ್ಲ.”

“ನಿಮ್ಮ ಮಗ ಸತ್ತಿದ್ದಾನೆ,” ಎಂದೆ. ತೀರಿಕೊಂಡ, ಇಲ್ಲವಾದ, ದೇವರ ಹತ್ತಿರ ಹೋದ ಎಂಬ ನಮ್ಮ ಮಾತುಗಳನ್ನೆಲ್ಲ ಬದಿಗಿಟ್ಟು ಇಂಗ್ಲಿಷಿನ ಆ ಮೊಂಡು ಪದವನ್ನೇ ಹೇಳಿದೆ. “ನಾನು ಅಂದು ಫೋನ್ ಮಾಡುವುದಕ್ಕೆ ಆರು ವರ್ಷ ಮೊದಲೇ ಸತ್ತಿದ್ದ. ನಾನು ಪಕ್ಕದಲ್ಲಿದ್ದೆ. ಈ ನಂಬರ್ ಕೊಟ್ಟವನು ಅವನೇ. ನಮ್ಮ ಕಡೆ ಮೊದಲು ಕಾಯಿಲೆ ಎಂದು ಹೇಳಿ ಆಮೇಲೆ ಸಾವು ಹೇಳುತ್ತೇವೆ. ಆಮೇಲಿನದನ್ನು ನಾನು ಹೇಳಲಿಲ್ಲ. ತಪ್ಪು ನನ್ನದು.”

ಅತ್ತ ಕಡೆ ಯಾವುದೋ ಗಡಿಯಾರದ ಸದ್ದು ಕೇಳುತ್ತಿತ್ತು. ಬಯ್ಯಲಿ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

“ಹಾಗಾದರೆ ಇಷ್ಟು ವರ್ಷ ಅವನು ಆ ಹಾಸಿಗೆಯಲ್ಲಿ ಇರಲಿಲ್ಲ,” ಎಂದಳು.

“ಇಲ್ಲ.”

“ನಾನು ದಿನಾ ಅವನನ್ನು ಅಲ್ಲೇ ನೋಡುತ್ತಿದ್ದೆ. ಯಾರಾದರೂ ನೀರು ಕೊಡುತ್ತಾರೋ ಇಲ್ಲವೋ, ಮಗ್ಗುಲು ಬದಲಿಸುತ್ತಾರೋ ಇಲ್ಲವೋ ಅಂತ.”

ಅಲ್ಲಿಯವರೆಗೆ, ತಪ್ಪಾದರೂ ಅವಳಿಗೆ ನಾನು ಕೊಟ್ಟದ್ದು ಒಂದು ಆಸೆ ಎಂದೇ ತಿಳಿದಿದ್ದೆ. ಇಪ್ಪತ್ತಾರು ವರ್ಷ ನರಳುವ ಒಬ್ಬ ಮಗನನ್ನು ಕೊಟ್ಟಿದ್ದೆ. ಇವರು ನನ್ನ ಕೈಯನ್ನು ಫೋನಿನ ಸಮೇತ ಹಿಡಿದುಕೊಂಡರು.

“ನಿಜವಾಗಿ ಎಷ್ಟು ದಿನ ನರಳಿದ?” ಎಂದು ಕೇಳಿದಳು.

“ಒಂದೂವರೆ ದಿನ.”

“ಒಂದೂವರೆ ದಿನ,” ಎಂದಳು. ಇನ್ನೊಮ್ಮೆ ಹೇಳಿದಳು, ಉರು ಹೊಡೆಯುವವಳ ಹಾಗೆ. “ನೀರು?”

“ನಾನೇ ಕೊಟ್ಟೆ.”

ಅವಳು ಅಳಲು ಶುರುಮಾಡಿದಳು. ಅಳುತ್ತಲೇ, “ಫೋನ್ ಇಡಬೇಡಿ,” ಎಂದಳು.

ಇಡಲಿಲ್ಲ.