ಕುರಿಗಳಿಗೆ ನೀರು ಕೊಟ್ಟ ದುಂಡಮ್ಮ

ತಾಜಸುಲ್ತಾನಪುರದ ದುಂಡಮ್ಮನ ಬಾಯಿ ಬಲು ಕೆಟ್ಟದ್ದು ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಗಂಡ ಸತ್ತ ಮೇಲೆ ಹತ್ತು ವರ್ಷ ಒಬ್ಬಳೇ ಕುರಿ ಮೇಯಿಸಿದವಳು. ಬೈಯದೆ ಇದ್ದಿದ್ದರೆ ಹಿಂಡನ್ನು ಯಾರೋ ಎಂದೋ ಹೊಡೆದುಕೊಂಡು ಹೋಗಿರುತ್ತಿದ್ದರು. ಮೇಯುವ ಬಯಲಿನಲ್ಲೆಲ್ಲ ಪ್ಲಾಟುಗಳ ಕಲ್ಲು ನೆಟ್ಟ ಮೇಲೆ ಅವಳು ಹಿಂಡು ಮಾರಿ, ಕಮಲಾಪುರದ ಹತ್ತಿರ ಹೊಸದಾಗಿ ಎದ್ದಿದ್ದ ಮಾಂಸದ ಕಾರ್ಖಾನೆಯ ದೊಡ್ಡಿಯಲ್ಲಿ ಕುರಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಕೆಲಸ ಕೊಡಿಸಿದವನು ಅಕ್ಕ ಸೂಗಮ್ಮನ ಮಗ ಗುರುಲಿಂಗ. ಅಲ್ಲಿ ಅವನೇ ಸೂಪರ್‌ವೈಸರ್.

ಅಲ್ಲಿ ಕೊಯ್ದ ಕುರಿ ಹೈದರಾಬಾದಿನಿಂದ ವಿಮಾನ ಹತ್ತಿ ಮರುದಿನವೇ ದುಬೈ ಸೇರುತ್ತಿತ್ತು. ಕೊಳ್ಳುವವರು ಷರತ್ತು ಹಾಕಿದ್ದರು. ಲಾರಿಯಿಂದ ಇಳಿದ ಕುರಿಗೆ ಪೂರ್ತಿ ಒಂದು ದಿನ ನೆರಳಿನಲ್ಲಿ ವಿಶ್ರಾಂತಿ ಕೊಡಬೇಕು, ತೊಟ್ಟಿಯಲ್ಲಿ ಸದಾ ನೀರಿರಬೇಕು, ಕಾಲು ಹಿಡಿದು ಎಳೆಯಬಾರದು, ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು. ಇದೆಲ್ಲ ಗೋಡೆಯ ಮೇಲೆ ಬೋರ್ಡಾಗಿತ್ತು.

"ಇದರಾಗ ಹೊಸಾದು ಏನದ? ನಮ್ಮಪ್ಪಗ ಯಾವ ಬೋರ್ಡೂ ಬೇಕಾಗಿರಲಿಲ್ಲ" ಎಂದಳು ದುಂಡಮ್ಮ.

ಕುರಿ ಸತ್ತಿತೆಂದು ಅವಳು ಅತ್ತವಳಲ್ಲ. ಐತವಾರದ ಖಂಡದ ಸಾರು ಬಿಟ್ಟವಳೂ ಅಲ್ಲ. ಆದರೆ ನೀರಡಿಸಿದ ಪ್ರಾಣಿ ಎದುರಿಗಿದ್ದರೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ. ಅಲ್ಲಿ ಕುರಿ ಕೊಯ್ಯುವ ಕೆಲಸದವನಾದ ತಾರಿಖ್ ಕೂಡ ಅಂಥವನೇ. ಚೂರಿಯ ಧಾರೆಯನ್ನು ಎರಡೆರಡು ಸಲ ನೋಡಿಕೊಳ್ಳದೆ ಕುರಿಯನ್ನು ಮುಟ್ಟುತ್ತಿರಲಿಲ್ಲ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವವಿತ್ತು. ಅವನು ಅವಳನ್ನು ಚಿಕ್ಕಮ್ಮ ಎಂಬಂತೆ ಮೌಸಿ ಎನ್ನುತ್ತಿದ್ದ.

ಬಕ್ರೀದ್ ಹತ್ತಿರ ಬಂತು. ಮೇ ತಿಂಗಳ ಬಿಸಿಲು. ಬೇಡಿಕೆ ದುಪ್ಪಟ್ಟಾಗಿ, ಬೆಳಿಗ್ಗೆ ಇಳಿದ ಕುರಿಗಳನ್ನು ಮಧ್ಯಾಹ್ನಕ್ಕೇ ಒಳಗೆ ಅಟ್ಟತೊಡಗಿದರು. ಗುರುಲಿಂಗ ನಲ್ಲಿಯ ಚಾವಿ ತಿರುಗಿಸಿ ನೀರು ನಿಲ್ಲಿಸಿದ.

"ಕುಡಸಬ್ಯಾಡ ಚಿಗವ್ವ. ಹೊಟ್ಟಿ ತುಂಬಿದ್ರ ಒಳಗ ತೊಳಿಯೋರಿಗೆ ತ್ರಾಸು. ಇಲ್ಲಿ ಸಹಿ ಮಾಡು. ಇಪ್ಪತ್ನಾಕು ತಾಸು ವಿಶ್ರಾಂತಿ ಆಗ್ಯದಂತ."

"ಮೂರು ತಾಸಿಗೆ ಇಪ್ಪತ್ನಾಕಂತ ಬರೀಲಾಕ ನಾ ಏನ್ ಸೆರೆ ಕುಡದೀನೇನು?"

"ನೀ ಮಾಡಲಿಲ್ಲಂದ್ರ ನಿನ್ನ ಹೆಸರು ನಾನೇ ಗೀಚ್ತೀನಿ. ಅನ್ನ ಹಾಕಿದ ಕೈ ಕಚ್ಚಬ್ಯಾಡ."

"ಯಾರು ಯಾರಿಗೆ ಅನ್ನ ಹಾಕಿದ್ದೋ ಗುರ್ಯಾ? ನಿನ್ನ ಮುಕಳಿ ತೊಳದಾಕಿ ನಾ."

ಅವನು ಎದುರಿಗೇ ನಿಂತು ಅವಳ ಹೆಸರು ಬರೆದ. ಅಂದಿನಿಂದ ದಿನಾ ಬರೆದ, ಅವಳು ಬಕೆಟ್ ಹಿಡಿದಾಗೆಲ್ಲ ಕಸಿದುಕೊಂಡ.

ಐದನೇ ದಿನ ಕೊಳ್ಳುವವರ ಕಡೆಯಿಂದ ನಜ್ಮಾ ಎಂಬ ಪಶುವೈದ್ಯೆ ತಪಾಸಣೆಗೆ ಬಂದಳು. ಹೈದರಾಬಾದಿನವಳು, ಉರ್ದು ಮಾತಾಡುವವಳು. ಗುರುಲಿಂಗ ಮುಂದೆ ನಿಂತು ಎಲ್ಲದಕ್ಕೂ ತಾನೇ ಉತ್ತರ ಕೊಟ್ಟ. ತೊಟ್ಟಿ ಯಾಕೆ ಒಣಗಿದೆ ಎಂದು ಆಕೆ ಕೇಳಿದಾಗ, ಈಗಷ್ಟೇ ತೊಳೆದದ್ದು, ಕುರಿಗಳೆಲ್ಲ ಹೊಟ್ಟೆ ತುಂಬ ಕುಡಿದಿವೆ ಎಂದ. ಆಕೆ ತಲೆಯಾಡಿಸಿ ಬರೆದುಕೊಂಡಳು.

ಸಂತೆಯ ಉರ್ದು ದುಂಡಮ್ಮನಿಗೆ ತಿಳಿಯುತ್ತಿತ್ತು. ಅವಳು ಹೊರಗಿನ ಟಾಕಿಯಿಂದ ಎರಡು ಬಕೆಟ್ ನೀರು ತುಂಬಿ ತಂದು ತೊಟ್ಟಿಗೆ ಸುರಿದಳು.

ದೊಡ್ಡಿಯ ಕುರಿಗಳೆಲ್ಲ ಒಟ್ಟಿಗೇ ಮುಗಿಬಿದ್ದವು. ಒಂದರ ಬೆನ್ನ ಮೇಲೊಂದು ಹತ್ತಿದವು. ಒಂದು ಮರಿ ಕಾಲ್ತುಳಿತಕ್ಕೆ ಸಿಕ್ಕಿತು. ದುಂಡಮ್ಮ ಅದನ್ನು ಕಿವಿ ಹಿಡಿದು ಎತ್ತಬೇಕಾಯಿತು. ನೀರು ಮುಗಿದ ಮೇಲೂ ಅವು ಸಿಮೆಂಟು ನೆಕ್ಕುತ್ತಲೇ ಇದ್ದವು. ನಜ್ಮಾ ಬರೆಯುವುದನ್ನು ನಿಲ್ಲಿಸಿ ನೋಡುತ್ತ ನಿಂತಳು. ಆಮೇಲೆ ವಿಶ್ರಾಂತಿಯ ಕಾಗದಗಳನ್ನೆಲ್ಲ ತರಿಸಿ, ಸಹಿ ಯಾರದೆಂದು ಕೇಳಿದಳು.

"ಹೆಸರು ನಂದು. ಕೈ ಅವಂದು" ಎಂದಳು ದುಂಡಮ್ಮ.

ಕೊಳ್ಳುವವರು ಖರೀದಿ ನಿಲ್ಲಿಸಿದರು, ಕಾರ್ಖಾನೆಗೆ ಬೀಗ ಬಿತ್ತು. ಐವತ್ತು ಮಂದಿ ಹಬ್ಬದ ಮುಂದೆ ಕೆಲಸವಿಲ್ಲದೆ ಮನೆಗೆ ಹೋದರು. ಸೂಗಮ್ಮ ತಂಗಿಯ ಬಾಗಿಲಿಗೇ ಬಂದು ಮಣ್ಣು ತೂರಿದಳು. "ನಿನ್ನ ಬಾಯಾಗ ಹುಳ ಬೀಳ್ಲಿ ದುಂಡಿ! ನನ್ನ ಮಗನ ಬಾಳೇವು ತಿಂದಿ."

"ನಿನ್ನ ಮಗ ನನ್ನ ಹೆಸರು ಕದ್ದಾನ. ಮದಲ ಅದನ್ನ ಕೇಳು, ಆಮ್ಯಾಲ ಮಣ್ಣ ತೂರು."

ಬೈಗುಳ ಅವಳಿಗೆ ಹೊಸದಲ್ಲ. ಚುಚ್ಚಿದ್ದು ತಾರಿಖನ ಮಾತು. ಸ್ಟೇಶನ್ ಬಜಾರದಲ್ಲಿ ಅವನು ಯಾರದೋ ಅಂಗಡಿಯ ಗೋಣಿಚೀಲ ಹೊರುತ್ತಿದ್ದ. ಅವಳನ್ನು ಕಂಡು ಚೀಲ ಇಳಿಸಿದ.

"ನೀ ಮಾಡಿದ್ದು ಸುಳ್ಳಲ್ಲ ಮೌಸಿ. ಆದ್ರ ನನಗೊಂದು ಮಾತು ಹೇಳಬೇಕಿತ್ತು. ಹೊಟ್ಟಿ ನಂದೂ ಅದ."

"ಹೇಳಿದ್ರ ನೀರು ಹಾಕಲಾಕ ಬಿಡ್ತಿದ್ಯಾ?"

"ಬಿಡ್ತಿರಲಿಲ್ಲ" ಎಂದು ಚೀಲ ಎತ್ತಿಕೊಂಡ. "ಇನ್ನ ನನಗ ಮಾತಾಡಸಬ್ಯಾಡ."

ಎರಡು ತಿಂಗಳಾದ ಮೇಲೆ ಕೊಳ್ಳುವವರು ಮತ್ತೆ ಖರೀದಿಗೆ ಒಪ್ಪಿದರು, ಒಂದು ಹೊಸ ಷರತ್ತಿನ ಮೇಲೆ: ದೊಡ್ಡಿಯ ಕಾಗದಕ್ಕೆ ನೀರು ಸುರಿದ ಆ ಹೆಂಗಸೇ ಸಹಿ ಮಾಡಬೇಕು. ಗುರುಲಿಂಗನ ಕೆಲಸ ಹೋಗಲಿಲ್ಲ. ಅವನು ಮಾಲೀಕರ ನಂಬಿಕೆಯ ಆಳು. ಅವನೇ ಕರೆಯಲು ಬಂದು ಅಂಗಳದಲ್ಲೇ ನಿಂತ.

"ಮಾಲಕರು ಕರದಾರ. ನಾ ಕರೀಲಾಕತ್ತಿಲ್ಲ, ತಿಳ್ಕೊ."

"ನಿನ್ನ ಕರೆ ಯಾರಿಗೆ ಬೇಕಾಗ್ಯದ?"

ಮರುದಿನ ಕಾರ್ಖಾನೆಯ ವ್ಯಾನು ಅವಳನ್ನು ನೋಡಿಯೂ ನಿಲ್ಲಲಿಲ್ಲ. ಅವಳು ಸರ್ಕಾರಿ ಬಸ್ಸು ಹತ್ತಿ ಹೋದಳು. ಇಂದಿಗೂ ಹಾಗೇ ಹೋಗುತ್ತಾಳೆ. ಊಟಕ್ಕೆ ಅವಳ ಪಕ್ಕ ಯಾರೂ ಕೂರುವುದಿಲ್ಲ. ತಾರಿಖ್ ಎದುರಾದರೆ ದಾರಿ ಬದಲಿಸುತ್ತಾನೆ. ಅದೊಂದಕ್ಕೆ ಮಾತ್ರ ಅವಳ ಬಳಿ ಬೈಗುಳವಿಲ್ಲ.

ಕಳೆದ ವಾರ ಮಧ್ಯಾಹ್ನ ತಡವಾಗಿ ಲಾರಿ ಬಂತು. ವಿಮಾನಕ್ಕೆ ಹೊತ್ತಾಯಿತೆಂದು ಗುರುಲಿಂಗ ಪೆನ್ನು ಹಿಡಿದು ಅವಳ ಮುಂದೆ ನಿಂತ. ದುಂಡಮ್ಮ ತೊಟ್ಟಿಯ ಕಡೆ ನೋಡಿದಳು, ಬಿಸಿಲಿನ ಕಡೆ ನೋಡಿದಳು.

"ನಾಳಿ ಇದೇ ಹೊತ್ತಿಗಿ ಬಾ."

ಅವನು ಗೇಟನ್ನು ಒದ್ದು ಹೋದ. ದುಂಡಮ್ಮ ಎದ್ದು ಹೋಗಿ ಚಿಲಕ ಹಾಕಿದಳು.