ಷಡ್ಡಕನ ಪಾಲಾದ ಬೇಸ್ ಗಿಟಾರ್

ಹಳೇ ಸಾಮಾನಿನ ವ್ಯಾಪಾರಿಗೆ ಪೇಟೆಯವರು ಇಟ್ಟ ಹೆಸರು ತಕ್ಕಡಿ. ವಸ್ತುವನ್ನು ಒಮ್ಮೆ ಕೈಯಲ್ಲೆತ್ತಿದರೆ ಬೆಲೆ ಹೇಳುತ್ತಿದ್ದ. ಅದರ ಮೇಲೆ ಯಾರೂ ಎರಡನೇ ಮಾತಾಡುತ್ತಿರಲಿಲ್ಲ. ಅಂಥವನು ಕತ್ತು ಸೊಟ್ಟಗಾಗಿದ್ದ ಬೇಸ್ ಗಿಟಾರೊಂದನ್ನು, ಜಾಗ ಖಾಲಿಯಾದರೆ ಸಾಕೆಂದು, ಕೆಟ್ಟ ಇಸ್ತ್ರಿಪೆಟ್ಟಿಗೆಯ ಬೆಲೆಗೆ ಷಡ್ಡಕನಿಗೆ ದಾಟಿಸಿದ. ಷಡ್ಡಕ ಗಡಿಯಾರ ರಿಪೇರಿಯವನು, ಸಂಗೀತದ ಗಂಧಗಾಳಿ ಇಲ್ಲದವನು. ಮನೆಗೆ ಬಂದು ತಕ್ಕಡಿ ಹೆಂಡತಿಯೆದುರು ನಕ್ಕಿದ್ದೂ ಉಂಟು.

ನಗು ಒಂದು ವಾರ ಬಾಳಿತು.

"ಆ ಕತ್ತಿನೊಳಗೆ ಕಬ್ಬಿಣದ ಸರಳು ಇದೆಯಂತೆ ರೀ," ಎಂದಳು ತಂಗಿಯ ಮನೆಯಿಂದ ಬಂದ ಹೆಂಡತಿ. "ಅದನ್ನ ತಂಗಿ ಗಂಡ ದಿನಕ್ಕೆ ಕಾಲು ಸುತ್ತು ತಿರುಗಿಸ್ತಾರೆ, ಅಷ್ಟೇ. ಆಗಲೇ ಅರ್ಧ ನೆಟ್ಟಗಾಗಿದೆ. ಎಂಥಾ ತಾಳ್ಮೆ ಅಂತೀನಿ."

ತಾಳ್ಮೆ ಎಂಬ ಆ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತಿತು. ಎರಡು ವರ್ಷ ಅದನ್ನು ಅಂಗಡಿಯಲ್ಲಿ ನೇತುಹಾಕಿದ್ದವನು ತಾನು. ಒಂದು ದಿನವೂ ಒಳಗೆ ಇಣುಕಲಿಲ್ಲ.

ಆಮೇಲೆ, ಷಡ್ಡಕ ತಂತಿಗಳನ್ನು ಹಾಲಿನ ಪಾತ್ರೆಯಲ್ಲಿ ಕುದಿಸಿ ಕೊಳೆ ಬಿಡಿಸಿದನೆಂಬ ಸುದ್ದಿ. ಪಾತ್ರೆಗಾಗಿ ನಾದಿನಿ ರಂಪ ಮಾಡಿದಳೆಂದು ಕೇಳಿ ತಕ್ಕಡಿಗೆ ಕೊಂಚ ಸಮಾಧಾನವಾಯಿತು. ತಂತಿ ಹೊಸದರಂತೆ ಗುಂಯ್ ಎಂದಿತಂತೆ ಎಂದಾಗ ಅದೂ ಹೋಯಿತು. ಬೇಸ್ ತನಗೇ ವಾಪಸು ಬರಬೇಕು, ತನ್ನ ಅಂಗಡಿಯ ಮುಂದೆಯೇ ತೂಗಬೇಕು. ಇದೊಂದೇ ಯೋಚನೆ ತಲೆಯಲ್ಲಿ ಕೂತಿತು.

ಭಾನುವಾರ ಬೆಳಿಗ್ಗೆ, ನಿಂತ ಗಡಿಯಾರವೊಂದನ್ನು ನೆಪಕ್ಕೆ ಹಿಡಿದು ಷಡ್ಡಕನ ಮನೆಗೆ ಹೋದ. ಬೇಸ್ ಮೇಜಿನ ಮೇಲೆ ಮಲಗಿತ್ತು. ಮರಕ್ಕೆ ಎಣ್ಣೆಯ ಹೊಳಪು; ಕತ್ತು ಅಳತೆಪಟ್ಟಿಯಷ್ಟು ನೇರ.

"ಬಂದ್ರಾ ಭಾವ, ನೀವೇ ಒಂದು ಬೆಲೆ ಹೇಳಿಬಿಡಿ," ಎಂದಳು ನಾದಿನಿ. "ಮಾರಿ ಅಡುಗೆಮನೆ ಬೀರುಗೆ ಬಾಗಿಲು ಹಾಕಿಸೋಣ ಅಂದ್ರೆ ಇವರು ಕೇಳಲ್ಲ. ನಿಮ್ಮ ಮಾತೇ ಕೊನೆ ಅಂತ ಒಪ್ಪಿಸಿದೀನಿ."

ತಕ್ಕಡಿ ಎತ್ತಿಕೊಂಡ. ತಾನು ಮಾರಿದ ಬೆಲೆಯ ಇಪ್ಪತ್ತು ಪಟ್ಟು, ಎಂದಿತು ಕೈ. ಬಾಯಿ ವ್ಯಾಪಾರಕ್ಕಿಳಿಯಿತು.

"ಮೇಲೆ ಥಳಕು ಅಷ್ಟೇ. ಸೌದೆಗಿಂತ ಒಂದು ಕಾಸು ಹೆಚ್ಚಿಲ್ಲ. ಬೇಕಾದ್ರೆ ನೀನು ಕೊಟ್ಟ ದುಡ್ಡಿಗೇ ವಾಪಸ್ ತಗೋತೀನಪ್ಪ, ನಮ್ಮವನು ಅಂತ."

ಷಡ್ಡಕನ ಮುಖ ಅರಳಿತು. "ಕೇಳಿದ್ಯೇನೇ? ಇದನ್ನ ಮಾರಿದ್ರೆ ನಿನ್ನ ಬೀರುಗೆ ಹಿಡಿಕೆಯೂ ಬರಲ್ಲ. ನಿಮಗ್ಯಾಕಣ್ಣ ನಷ್ಟ, ಇದು ನನ್ನ ಹತ್ರಾನೇ ಇರ್ಲಿ."

"ಭಾವ ಹೇಳಿದ ಮೇಲೆ ಮುಗೀತು ಬಿಡಿ," ಎಂದು ನಾದಿನಿ ಸಪ್ಪೆ ಮುಖ ಹಾಕಿಕೊಂಡು ಒಳಗೆ ಹೋದಳು.

ಬೆಲೆ ಜಾಸ್ತಿಯೇ ಇದೆ ಎನ್ನಲು ತಕ್ಕಡಿ ಬಾಯಿ ತೆರೆದ. ಹಾಗೆಂದರೆ ನಾಳೆಯಿಂದ ಪೇಟೆಯಲ್ಲಿ ಅವನ ಮಾತಿಗೆ ಕಿವಿಗೊಡುವವರು ಯಾರು? ಮುಚ್ಚಿಕೊಂಡ. ಷಡ್ಡಕ ಬೇಸನ್ನು ಮೇಜಿಗೆ ಆನಿಸಿ, ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಒಮ್ಮೆ ಮೀಟಿದ. ಸದ್ದು ಮೇಜಿನ ಹಲಗೆಯಲ್ಲೇ ಹರಿದು ಬಂದು, ಅಲ್ಲಿ ಊರಿದ್ದ ತಕ್ಕಡಿಯ ಮೊಣಕೈಗೆ ತಾಕಿತು.

"ಹೇಗಿದೆಯಣ್ಣ?"

"ಸುಮಾರು," ಎಂದ ತಕ್ಕಡಿ. ಮೊಣಕೈಯನ್ನು ಮಾತ್ರ ಮೇಜಿನಿಂದ ತೆಗೆಯಲಿಲ್ಲ.